ಪವರ್ ಬ್ಯಾಂಕ್ ಬಿಸಿಲಿನಲ್ಲಿ ಇರಬಾರದು

ಬೆನ್ನಿಗೆ ಅಂಗೈಯಗಲದ ಸೌರ ಫಲಕ ಅಂಟಿಸಿದ ಪವರ್ ಬ್ಯಾಂಕ್‌ಗಳನ್ನು ಚಾರಣಿಗರು, ಕರೆಂಟು ಪದೇ ಪದೇ ಕೈಕೊಡುವ ಊರಿನವರು ಆಸೆಯಿಂದ ಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬೇಸರವಾಗುತ್ತದೆ. 10,000 ಮಿಲಿಆಂಪಿಯರ್-ಅವರ್ ಎಂದು ಬರೆದ ಬ್ಯಾಟರಿ 3.7 ವೋಲ್ಟ್ ಲೆಕ್ಕದಲ್ಲಿ ಹಿಡಿದಿಡುವುದು 37 ವ್ಯಾಟ್-ಅವರ್. ಫಲಕ ಒಂದೂವರೆ ವ್ಯಾಟ್‌ನದಾದರೆ ನೆತ್ತಿ ಸುಡುವ ಬಿಸಿಲಿನಲ್ಲೂ ಅದು ತುಂಬಲು ಸುಮಾರು 25 ಗಂಟೆ ಬೇಕು. ನಮ್ಮ ಕಡೆ ಅಂಥ ಬಿಸಿಲು ದಿನಕ್ಕೆ ಐದು ಗಂಟೆಯಷ್ಟು ಸಿಕ್ಕರೆ ಹೆಚ್ಚು. ನಡುವೆ ಪೋಲಾಗುವುದನ್ನೂ ಸೇರಿಸಿಕೊಂಡರೆ ವಾರ ಕಳೆಯುತ್ತದೆ.

ಸೌರಕೋಶ ಮೊದಲಿನಿಂದಲೂ ಕಡಿಮೆ ಹಸಿವಿನ ಸಾಧನಗಳ ಜೊತೆಗಾರ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ರೂಪಿಸಿದ ಸಿಲಿಕಾನ್ ಕೋಶ ಬಿಸಿಲಿನ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ನಾಲ್ಕು ವರ್ಷಗಳ ನಂತರ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಪ್ರಸಾರಕಗಳಿದ್ದವು. ಪಾದರಸದ ಬ್ಯಾಟರಿಯನ್ನು ನಂಬಿದ್ದ ಪ್ರಸಾರಕ ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಸೌರಕೋಶದ್ದು 1964ರವರೆಗೂ ಸಂಕೇತ ಕಳುಹಿಸಿತು. ಎಪ್ಪತ್ತರ ದಶಕದ ಕೊನೆಗೆ ಬಂದ ಸೌರ ಕ್ಯಾಲ್ಕುಲೇಟರಿಗೂ ಕೋಣೆಯ ದೀಪದ ಬೆಳಕೇ ಸಾಕಾಗುತ್ತಿತ್ತು.

ಮೊಬೈಲ್ ಬಂದ ಮೇಲೆ ಈ ಹೊಂದಾಣಿಕೆ ಕೆಟ್ಟಿತು. ಅದಕ್ಕೆ ಬೇಕಾದದ್ದು ಹಲವು ವ್ಯಾಟ್. ಜೊತೆಗೆ 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಬಲು ಸೂಕ್ಷ್ಮ. ಹಳೆಯ ನಿಕಲ್-ಕ್ಯಾಡ್ಮಿಯಂ ಕೋಶ ತುಂಬಿದ ಮೇಲೂ ಸಣ್ಣ ಪ್ರಮಾಣದ ವಿದ್ಯುತ್ತನ್ನು ತಾಳಿಕೊಳ್ಳುತ್ತಿತ್ತು. ಸಾಮಾನ್ಯ ಲಿಥಿಯಂ ಕೋಶ ಮಾತ್ರ 4.2 ವೋಲ್ಟ್ ದಾಟಿದರೆ ಅಪಾಯಕ್ಕೆ ಸಿಕ್ಕುತ್ತದೆ. ಹಾಗಾಗಿ ಫಲಕಕ್ಕೂ ಬ್ಯಾಟರಿಗೂ ನಡುವೆ ನಿಯಂತ್ರಕ ಇರಲೇಬೇಕು.

ಫಲಕಕ್ಕೆ ನೇರವಾಗಿ ಫೋನ್ ಜೋಡಿಸಿದರೆ ಇನ್ನೊಂದು ಪೇಚು. ಮೋಡವೊಂದು ಹಾದುಹೋದರೆ ಸಾಕು, ವೋಲ್ಟೇಜ್ ಕುಸಿದು ಫೋನು ಚಾರ್ಜರನ್ನೇ ಕಿತ್ತರೆಂದು ಭಾವಿಸುತ್ತದೆ. ಮೋಡ ಸರಿದ ಮೇಲೂ ಕೆಲವು ಫೋನುಗಳು ಮೊದಲಿನ ವೇಗಕ್ಕೆ ಮರಳುವುದಿಲ್ಲ. ಹಗಲು ಬಿಸಿಲಿನಿಂದ ಪವರ್ ಬ್ಯಾಂಕಿಗೆ, ರಾತ್ರಿ ಅದರಿಂದ ಫೋನಿಗೆ ಎಂಬ ಪದ್ಧತಿ ನೆಲೆಯಾದದ್ದು ಹೀಗೆ. ಬ್ಯಾಟರಿಯನ್ನು ಒಂದೆಡೆ ತುಂಬಿಸಿ ಇನ್ನೊಂದೆಡೆ ಬಳಸುವ ಈ ದಾರಿಯನ್ನು 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೌರಶಕ್ತಿ ಸಂಸ್ಥೆ ಸೆಲ್ಕೊ ದೀಪಗಳಿಗೆ ಬಳಸಿತ್ತು: ಹಗಲು ಸೌರಶಕ್ತಿಯಿಂದ ತುಂಬಿಸಿದ ಬ್ಯಾಟರಿಗಳು ಸಂಜೆ ಬಾಡಿಗೆಗೆ ತಳ್ಳುಗಾಡಿಗಳನ್ನು ತಲುಪುತ್ತಿದ್ದವು. ಫಲಕ ಇದ್ದಲ್ಲೇ ಇರುತ್ತಿತ್ತು.

ಫಲಕ, ಬ್ಯಾಟರಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದ್ದೇ ದೊಡ್ಡ ತಪ್ಪು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಫಲಕಕ್ಕೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು. ಲಿಥಿಯಂ ಕೋಶಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್‌ನ ರಾಯಚೂರಿನಲ್ಲಿ ತಾರಸಿಯ ಮೇಲಿಟ್ಟ ಕಪ್ಪು ಡಬ್ಬಿ ಆ ಮಿತಿಯನ್ನು ಬೇಗನೆ ದಾಟುತ್ತದೆ. ಕಾವೇರಿದಂತೆ ಸಿಲಿಕಾನ್ ಫಲಕದ ಉತ್ಪಾದನೆಯೂ ಪ್ರತಿ ಡಿಗ್ರಿಗೆ ಶೇ 0.4ರಷ್ಟು ತಗ್ಗುತ್ತದೆ.

ಮಡಚುವ 20 ವ್ಯಾಟ್‌ನ ಪ್ರತ್ಯೇಕ ಫಲಕವನ್ನು ಬಿಸಿಲಿಗೆ ಹರಡಿ, ಉದ್ದ ವೈರಿನ ತುದಿಯಲ್ಲಿ ಪವರ್ ಬ್ಯಾಂಕನ್ನು ಚೀಲದ ನೆರಳಿಗಿಟ್ಟರೆ ಒಳ್ಳೆಯ ಬಿಸಿಲಿನ ಒಂದು ದಿನದಲ್ಲಿ ಅದು ತುಂಬುತ್ತದೆ. ಡಬ್ಬಿಯ ಮೇಲೆ ಬ್ಯಾಟರಿಯ ಸಾಮರ್ಥ್ಯವನ್ನು ದಪ್ಪಕ್ಷರದಲ್ಲಿ ಮುದ್ರಿಸುವವರು ಫಲಕ ಎಷ್ಟು ವ್ಯಾಟ್‌ನದು ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಲಿ. ಅದಿಲ್ಲದ ಡಬ್ಬಿಯನ್ನು ಕೊಳ್ಳಬೇಡಿ.