ಮುಂದಕ್ಕೆ ಜಾರುವ, ಹಿಂದಕ್ಕೆ ಜಾರದ ಹಲಗೆ

ಮೊನ್ನೆ ಫೆಬ್ರವರಿಯಲ್ಲಿ ಸಾಗರದಿಂದ ನಮ್ಮ ಸೋದರಮಾವ ಅಮೆರಿಕದ ವರ್ಮಾಂಟಿನ ನಮ್ಮ ಮನೆಗೆ ಬಂದಿದ್ದರು. ಬಾಗಿಲ ಪಕ್ಕ ಒರಗಿಸಿಟ್ಟಿದ್ದ ನನ್ನ ಹಳೇ ಸ್ಕೀ ಜೋಡಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಅಲ್ವೋ, ಇದು ಜಾರೋ ಹಲಗೆ. ಇದನ್ನ ಕಾಲಿಗೆ ಕಟ್ಟಿಕೊಂಡು ಗುಡ್ಡ ಹತ್ತುತೀನಿ ಅಂತೀಯಲ್ಲ, ಹಿಂದಕ್ಕೆ ಜಾರಲ್ವಾ?"

ಹಿಮದ ನಾಡಿನಲ್ಲೇ ಹುಟ್ಟಿ ಬೆಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಅವರಿಗೆ ಅದು ರೂಢಿ. ಆದರೆ ಸ್ಕೀಯ ಇಡೀ ವಿಜ್ಞಾನ ಇರುವುದು ಈ ಒಂದು ಪ್ರಶ್ನೆಯಲ್ಲೇ. ನಾನು ಉತ್ತರ ಹೇಳಲಿಲ್ಲ. ಸ್ಕೀಯನ್ನು ಮಗುಚಿ ಅವರ ಕೈಗೆ ಕೊಟ್ಟೆ. ಮಾವ ಅಂಗೈಯನ್ನು ಮೂತಿಯಿಂದ ಬಾಲದ ಕಡೆಗೆ ಸವರಿದರು, ನುಣ್ಣಗಿತ್ತು. ಬಾಲದಿಂದ ಮೂತಿಯ ಕಡೆಗೆ ಸವರಿದಾಗ ನಡುಭಾಗದಲ್ಲಿ ಕೈ ತಡೆಯಿತು. "ಉತ್ತರಾಣಿ ಕಡ್ಡಿ ಇದ್ದಹಾಗಿದೆಯಲ್ಲೋ" ಅಂದರು.

ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ. ಉತ್ತರಾಣಿಯ ತೆನೆಯಲ್ಲಿ ಕಾಯಿಗಳೆಲ್ಲ ಬುಡದ ಕಡೆಗೆ ಮುಖ ಮಾಡಿ ಬಾಗಿರುತ್ತವೆ. ತುದಿಯಿಂದ ಬುಡಕ್ಕೆ ಬೆರಳೆಳೆದರೆ ಏನೂ ಆಗದು, ಬುಡದಿಂದ ತುದಿಗೆ ಎಳೆದರೆ ಚುಚ್ಚುತ್ತದೆ. ನನ್ನದು ಹಿಡಿತಕ್ಕೆ ಮೇಣ ಹಚ್ಚಬೇಕಿಲ್ಲದ ಬಗೆಯ ಸ್ಕೀ. ಅದರ ತಳದಲ್ಲೂ ಅದೇ ಏರ್ಪಾಡು. ಪಾದ ನಿಲ್ಲುವ ಜಾಗದ ಕೆಳಗೆ, ಪ್ಲಾಸ್ಟಿಕ್ಕಿನ ತಳದಲ್ಲಿ, ಮೀನಿನ ಹುರುಪೆಯಂಥ ಸಾಲುಗಳಿರುತ್ತವೆ. ಒಂದೊಂದು ಹುರುಪೆಯೂ ಮೂತಿಯ ಕಡೆಯಿಂದ ನಿಧಾನವಾಗಿ ಏರಿ, ಬಾಲದ ಕಡೆಗೆ ತಟ್ಟನೆ ಕಡಿದು ಇಳಿಯುವ ಮೆಟ್ಟಿಲು. ಮೆಟ್ಟಿಲಿನ ಎತ್ತರ ಒಂದು ಮಿಲಿಮೀಟರಿಗಿಂತ ಕಡಿಮೆ. ಸ್ಕೀ ಮುಂದೆ ಹೋಗುವಾಗ ಹಿಮದ ಕಣಗಳು ಆ ಸಣ್ಣ ಏರನ್ನು ಹತ್ತಿ ಆಚೆ ಬೀಳುತ್ತವೆ. ಹಿಂದಕ್ಕೆ ಸರಿಯಲು ಹೊರಟರೆ ಅದೇ ಕಣಗಳು ಮೆಟ್ಟಿಲಿನ ಗೋಡೆಗೆ ಹೋಗಿ ಗುದ್ದುತ್ತವೆ. ಕೊಬ್ಬರಿ ತುರಿಯುವ ಚಪ್ಪಟೆ ತುರಿಮಣೆ ಒಂದು ದಿಕ್ಕಿಗೆ ಮಾತ್ರ ತುರಿಯುತ್ತದಲ್ಲ, ಹಾಗೆ. ಹಾವಿನ ಹೊಟ್ಟೆಯೂ ಹಾಗೆಯೇ: ಹಾವಿನ ಅಡಿಯ ಹುರುಪೆಗಳಿಗೆ ಮುಂದಕ್ಕೆ ಹೋಗುವಾಗ ಘರ್ಷಣೆ ಕಡಿಮೆ, ಹಿಂದಕ್ಕೂ ಪಕ್ಕಕ್ಕೂ ಹೆಚ್ಚು ಎಂದು ಡೇವಿಡ್ ಹು ಮತ್ತು ಸಂಗಡಿಗರು 2009ರಲ್ಲಿ ಅಳೆದು ತೋರಿಸಿದರು. ಹಾವು ತೆವಳಬಲ್ಲದ್ದು ಈ ಪಕ್ಷಪಾತದಿಂದಲೇ.

ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ದೊಡ್ಡ ಬೇಡಿಕೆ ಅನ್ನುವುದು ತಿಳಿಯುತ್ತದೆ. ಹಿಮದ ಮೇಲೆ ಜಾರುವ ಒಳ್ಳೆಯ ಸ್ಕೀಯ ಘರ್ಷಣಾಂಕ ಸುಮಾರು 0.05. ಅಂದರೆ ನೂರು ಅಡಿಗೆ ಐದು ಅಡಿ ಇಳಿಜಾರಿದ್ದರೆ ಸಾಕು, ತಾನಾಗಿ ಜಾರುತ್ತದೆ. ಅದೇ ಸ್ಕೀ 10 ಡಿಗ್ರಿ ಏರನ್ನು ಹಿಂದೆ ಸರಿಯದೆ ಹತ್ತಬೇಕಾದರೆ ಹಿಂದಿನ ದಿಕ್ಕಿಗೆ ಅದರ ಹಿಡಿತ 0.18ರಷ್ಟಾದರೂ ಇರಬೇಕು, 15 ಡಿಗ್ರಿಗೆ 0.27. ಒಂದೇ ಹಲಗೆ, ಒಂದೇ ಹಿಮ, ಒಂದೇ ನಿಮಿಷ. ಆದರೆ ಹೋಗುವ ದಿಕ್ಕು ಬದಲಾದರೆ ಘರ್ಷಣೆ ನಾಲ್ಕೈದು ಪಟ್ಟು ಬದಲಾಗಬೇಕು.

ಈ ಸಮಸ್ಯೆ ಸ್ಕೀಯಷ್ಟೇ ಹಳೆಯದು. ರಷ್ಯಾದ ಕೋಮಿ ಪ್ರಾಂತ್ಯದ ಸಿಂದೋರ್ ಸರೋವರದ ಬಳಿ, ವಿಸ್ ಎಂಬಲ್ಲಿನ ಜೌಗು ನೆಲದಲ್ಲಿ, 1960ರ ದಶಕದಲ್ಲಿ ಪುರಾತತ್ತ್ವಜ್ಞ ಗ್ರಿಗೊರಿ ಬುರೋವ್ ಅವರಿಗೆ ಸುಮಾರು 8000 ವರ್ಷ ಹಳೆಯ ಸ್ಕೀಯ ತುಂಡೊಂದು ಸಿಕ್ಕಿತು. ಅದರ ಮೂತಿಯ ಅಡಿಭಾಗದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ತಲೆಯನ್ನು ಕೆತ್ತಿದ್ದಾರೆ. ಅಲಂಕಾರಕ್ಕಾದರೆ ಮೇಲ್ಗಡೆ ಕೆತ್ತಬೇಕಿತ್ತು. ಕೆಳಗೆ ಕೆತ್ತಿದ್ದು ಸ್ಕೀ ಹಿಂದಕ್ಕೆ ಜಾರದಂತೆ ಹಿಮವನ್ನು ಹಿಡಿಯಲಿ ಎಂದು, ಅನ್ನುವುದು ವಿದ್ವಾಂಸರ ವಿವರಣೆ. ಆ ಜಿಂಕೆಯ ತಲೆಯೇ ನನ್ನ ಸ್ಕೀಯ ಹುರುಪೆಯ ಮುತ್ತಜ್ಜಿ ಎಂದು ನಾನು ನಂಬಿದ್ದೇನೆ. ಅಲ್ತಾಯ್ ಪರ್ವತದ ಬೇಟೆಗಾರರು ಹಲಗೆಯ ಅಡಿಗೆ ಕುದುರೆಯ ಚರ್ಮವನ್ನು, ಕೂದಲು ಹಿಂದಕ್ಕೆ ಬಾಗುವಂತೆ, ಹೊಂದಿಸುತ್ತಾರೆ; ಇಂದಿಗೂ. ನಾರ್ವೆಯ ಓಸ್ಟರ್‌ಡಾಲೆನ್ ಕಣಿವೆಯವರದು ಇನ್ನೂ ಸೊಗಸಾದ ಉಪಾಯ: ಒಂದು ಕಾಲಿಗೆ ಜಾರಲು ಉದ್ದನೆಯ ನುಣುಪು ಸ್ಕೀ, ಇನ್ನೊಂದು ಕಾಲಿಗೆ ಒದೆಯಲು ಚರ್ಮ ಹೊದಿಸಿದ ಗಿಡ್ಡ ಸ್ಕೀ. ಒಂದೇ ಹಲಗೆ ಎರಡೂ ಕೆಲಸ ಮಾಡದು ಅನ್ನುವುದಾದರೆ ಎರಡು ಹಲಗೆ ಬೇರೆಬೇರೆ ಮಾಡೋಣ ಎಂಬ ನೇರ ಬುದ್ಧಿ.

ಆಮೇಲೆ ಮೇಣ ಬಂತು. ತಳಕ್ಕೆ ಹಚ್ಚಿದ ಮೇಣ ಹದವಾಗಿದ್ದರೆ, ಕಾಲೂರಿ ನಿಂತ ಕ್ಷಣದಲ್ಲಿ ಹಿಮದ ಹರಳುಗಳು ಅದರೊಳಗೆ ನಾಟಿಕೊಳ್ಳುತ್ತವೆ, ಜಾರುವಾಗ ಬಿಟ್ಟುಕೊಡುತ್ತವೆ. ಹದ ಅನ್ನುವುದೇ ಇಲ್ಲಿ ಕಷ್ಟ. ಹೊಸ ಹಿಮದ ಹರಳು ಚೂಪು, ಅದಕ್ಕೆ ಗಟ್ಟಿ ಮೇಣ ಬೇಕು. ಹಳೆಯದಾಗಿ ಉರುಟಾದ ಹರಳಿಗೆ ಮೆದುವಾದದ್ದು. ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮಕ್ಕೆ ಹಲಸಿನ ಹಾಲಿನಷ್ಟು ಅಂಟಾದ ಕ್ಲಿಸ್ಟರ್ ಎಂಬ ಮೇಣ. 1936ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದ ಸ್ವೀಡನ್ನಿನ ಮಾರ್ಟಿನ್ ಮಾಟ್ಸ್‌ಬೊ 1946ರ ಹೊತ್ತಿಗೆ ಸ್ವಿಕ್ಸ್ ಮೇಣಗಳನ್ನು ರೂಪಿಸುವ ಕೆಲಸದಲ್ಲಿದ್ದರು. ಕಡು ಚಳಿಗೆ ಹಸಿರು, ಸೊನ್ನೆಗಿಂತ ಸ್ವಲ್ಪ ಕೆಳಗೆ ನೀಲಿ, ಒದ್ದೆ ಹಿಮಕ್ಕೆ ಕೆಂಪು ಎಂಬ ಬಣ್ಣದ ಕ್ರಮ ಅಲ್ಲಿಂದ ಹರಡಿತು. ಚಳಿ ಒಂದೇ ಸಮ ಇರುವ ಊರಿನಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತದೆ. ವರ್ಮಾಂಟ್ ಅಂಥ ಊರಲ್ಲ. ಇಲ್ಲಿ ಬೆಳಿಗ್ಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿದ್ದದ್ದು ಮಧ್ಯಾಹ್ನಕ್ಕೆ ಎರಡು ಡಿಗ್ರಿ ಮೇಲಿರುತ್ತದೆ. ಕಾಡಿನ ನೆರಳಲ್ಲಿ ಪುಡಿ ಹಿಮ, ಬಯಲಿಗೆ ಬಂದರೆ ಅಂಬಲಿ. ಸರಿಯಾಗಿ ಸೊನ್ನೆಯಲ್ಲಿ ಮೇಣ ಹಚ್ಚಿದ ಸ್ಕೀಗೆ ಹಿಮ ಮುದ್ದೆಮುದ್ದೆಯಾಗಿ ಮೆತ್ತಿಕೊಂಡು, ಕಾಲಿಗೆ ಗುಂಡುಕಲ್ಲು ಕಟ್ಟಿದಂತಾಗುತ್ತದೆ. 1970ರ ದಶಕದಲ್ಲಿ ಟ್ರಾಕ್ ಹೆಸರಿನ ಸ್ಕೀಗಳು ಮೀನಿನ ಹುರುಪೆಯ ತಳವನ್ನು ಅಮೆರಿಕದಲ್ಲಿ ಮನೆಮಾತು ಮಾಡಿದ್ದಕ್ಕೆ ಕಾರಣ ಇದೇ. ರಸಾಯನ ಮಾಡುತ್ತಿದ್ದ ಕೆಲಸವನ್ನು ಆಕಾರ ವಹಿಸಿಕೊಂಡಿತು. ಆಕಾರಕ್ಕೆ ಉಷ್ಣತೆಯ ಹಂಗು ಕಡಿಮೆ.

ಮೇಣ ಬೇಡದ ಸ್ಕೀ ಎಂದರೆ ಕಲಿಯುವವರದು, ಸೋಮಾರಿಗಳದು ಎಂಬ ಮಾತನ್ನು ಇಲ್ಲಿ ಈಗಲೂ ಕೇಳುತ್ತೇನೆ. ಕೇಳಿದಾಗಲೆಲ್ಲ ಬೇಸರವಾಗುತ್ತದೆ. ಅದಕ್ಕಿಂತ ಹೆಚ್ಚು ಬೇಸರ ತರಿಸುವುದು ಇನ್ನೊಂದು ತಪ್ಪು ತಿಳಿವಳಿಕೆ. "ಸ್ಕೀ ಯಾಕೆ ಜಾರುತ್ತದೆ?" ಎಂದರೆ ಓದಿದವರೂ ಥಟ್ಟನೆ ಹೇಳುತ್ತಾರೆ: ಮೈಭಾರದ ಒತ್ತಡಕ್ಕೆ ಹಿಮ ಕರಗಿ ನೀರಾಗುತ್ತದೆ, ಅದರ ಮೇಲೆ ಜಾರುತ್ತೇವೆ. ಶಾಲೆಯಲ್ಲಿ ಮಂಜುಗಡ್ಡೆಯ ಮೇಲೆ ತೂಕ ಕಟ್ಟಿದ ತಂತಿ ಇಟ್ಟು, ಅದು ಗಡ್ಡೆಯನ್ನು ಕೊಯ್ದುಕೊಂಡು ಇಳಿದರೂ ಗಡ್ಡೆ ಎರಡಾಗದ ಪ್ರಯೋಗ ನಿಮಗೂ ನೆನಪಿರಬಹುದು. ಆ ಪ್ರಯೋಗ ನಿಜ. ಒತ್ತಡ ಹೆಚ್ಚಿದರೆ ಮಂಜು ಕರಗುವ ಉಷ್ಣತೆ ಇಳಿಯುತ್ತದೆ ಎಂದು 1849ರಲ್ಲಿ ಜೇಮ್ಸ್ ಥಾಮ್ಸನ್ ಊಹಿಸಿದರು, ಮರುವರ್ಷ ಅವರ ತಮ್ಮ ವಿಲಿಯಂ ಅಳೆದು ಖಚಿತಪಡಿಸಿದರು. ಮುಂದೆ ಲಾರ್ಡ್ ಕೆಲ್ವಿನ್ ಆದವರು ಅವರೇ. ಆದರೆ ಎಷ್ಟು ಇಳಿಯುತ್ತದೆ? ಒಂದು ಡಿಗ್ರಿ ಇಳಿಸಲು ಸುಮಾರು 135 ವಾತಾವರಣದಷ್ಟು ಒತ್ತಡ ಬೇಕು. ತಂತಿ ಕೂದಲೆಳೆಯಷ್ಟು ಸಣ್ಣದು, ಅದಕ್ಕೆ ನಡೆಯುತ್ತದೆ. 70 ಕಿಲೋ ತೂಕದವರು 190 ಸೆಂಟಿಮೀಟರ್ ಉದ್ದ, ಐದೂವರೆ ಸೆಂಟಿಮೀಟರ್ ಅಗಲದ ಒಂದೇ ಸ್ಕೀ ಮೇಲೆ ನಿಂತರೆ ಒತ್ತಡ ಒಂದು ವಾತಾವರಣದ ಹದಿನೈದನೇ ಒಂದು ಭಾಗ. ಕರಗುವ ಬಿಂದು ಇಳಿಯುವುದು 0.0005 ಡಿಗ್ರಿ. ಸ್ಕೀಯ ನೂರರಲ್ಲೊಂದು ಭಾಗ ಮಾತ್ರ ಹಿಮಕ್ಕೆ ನಿಜವಾಗಿ ತಾಗುತ್ತದೆ ಎಂದುಕೊಳ್ಳಿ, ಆಗಲೂ 0.05 ಡಿಗ್ರಿ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವಾಗ ಇದರಿಂದ ಆಗುವುದೇನು?

ಬೌಡನ್ ಮತ್ತು ಹ್ಯೂಸ್ ಎಂಬಿಬ್ಬರು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್‌ನಲ್ಲಿ ಪ್ರಯೋಗ ಮಾಡಿ 1939ರಲ್ಲಿ ಪ್ರಕಟಿಸಿದ ಫಲಿತಾಂಶ ಸರಳ: ಕರಗಿಸುವುದು ಒತ್ತಡವಲ್ಲ, ಉಜ್ಜಾಟದ ಬಿಸಿ. ಶಾಖವನ್ನು ಬೇಗ ಸಾಗಿಸುವ ಲೋಹ, ಶಾಖ ಸಾಗಿಸದ ವಸ್ತುಗಳಷ್ಟು ಚೆನ್ನಾಗಿ ಜಾರಲಿಲ್ಲ. ಉಜ್ಜಿ ಹುಟ್ಟಿದ ಬಿಸಿಯನ್ನು ಲೋಹ ಕದ್ದೊಯ್ಯುತ್ತದೆ. ಒತ್ತಡವೇ ಕಾರಣವಾಗಿದ್ದರೆ ಲೋಹವಾದರೇನು ಮರವಾದರೇನು? ಇದರ ಜೊತೆಗೆ, ಮಂಜಿನ ಮೇಲ್ಮೈಯಲ್ಲಿ ಸೊನ್ನೆಗಿಂತ ಕೆಳಗೂ ದ್ರವದಂಥ ತೆಳುಪೊರೆ ಇರುತ್ತದೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಸೂಚಿಸಿದ್ದರು. ಎರಡು ಮಂಜುಗಡ್ಡೆಗಳನ್ನು ತಾಗಿಸಿದರೆ ಒಂದಕ್ಕೊಂದು ಬೆಸೆದುಕೊಳ್ಳುವುದೇ ಅವರಿಗೆ ಸಿಕ್ಕ ಸುಳಿವು. ಅವರ ಮಾತನ್ನು ಬದಿಗಿಟ್ಟು ನಾವು ನೂರು ವರ್ಷಕ್ಕೂ ಹೆಚ್ಚು ಕಾಲ ಒತ್ತಡದ ಕಥೆಯನ್ನು ಪಾಠ ಮಾಡಿದೆವು.

ನನ್ನ ಸ್ಕೀಗೂ ಇದಕ್ಕೂ ಸಂಬಂಧವಿದೆ. ಬಿಸಿ ಹುಟ್ಟುವುದು ಚಲನೆಯಲ್ಲಿ. ನಿಂತಾಗ ಬಿಸಿಯಿಲ್ಲ, ಉಜ್ಜಿ ಕರಗಿದ ನೀರಿಲ್ಲ, ಆದ್ದರಿಂದ ಹಿಡಿತ. ಸ್ಕೀಯಲ್ಲಿ ಒದೆಯುವ ಕಾಲು ಜಾರುತ್ತಲೇ ಒದೆಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಕಣ್ಣಿಗೆ ಕಾಣದಷ್ಟು ಹೊತ್ತು ಆ ಸ್ಕೀ ಪೂರ್ತಿ ನಿಲ್ಲುತ್ತದೆ, ನಡೆಯುವವರ ಪಾದ ನೆಲದ ಮೇಲೆ ನಿಂತ ಹಾಗೆ. ಆ ನಿಂತ ಕ್ಷಣದಲ್ಲಿ ಹುರುಪೆ ಹಿಮದೊಳಗೆ ಇಳಿಯಬೇಕು; ಮರುಕ್ಷಣ ಮೇಲೆದ್ದು ದಾರಿ ಬಿಡಬೇಕು. ಇಳಿಸಿ ಎಬ್ಬಿಸುವವರು ಯಾರು? ಸ್ಕೀಯ ಬಾಗು.

ಸ್ಕೀಯನ್ನು ನೆಲದ ಮೇಲಿಟ್ಟರೆ ಮೂತಿ, ಬಾಲ ನೆಲಕ್ಕೆ ತಾಗಿ ನಡು ಮೇಲೆದ್ದಿರುತ್ತದೆ, ಕವುಚಿಟ್ಟ ಬಿಲ್ಲಿನ ಹಾಗೆ. ಎರಡೂ ಕಾಲಿನ ಮೇಲೆ ಭಾರ ಹಂಚಿ ನಿಂತಾಗ ನಡು ಪೂರ್ತಿ ತಗ್ಗುವುದಿಲ್ಲ, ಹುರುಪೆಗಳು ಹಿಮಕ್ಕೆ ಬಲವಾಗಿ ಒತ್ತಿಕೊಳ್ಳುವುದಿಲ್ಲ. ಇಡೀ ಭಾರ ಒಂದೇ ಕಾಲಿಗೆ ಬಂದಾಗ ಬಿಲ್ಲು ಚಪ್ಪಟೆಯಾಗಿ ಹುರುಪೆ ಕಚ್ಚುತ್ತದೆ. ಲಾರಿಯ ಚಕ್ರದ ಮೇಲೆ ಜೋಡಿಸಿರುವ ಬಾಗಿದ ಉಕ್ಕಿನ ಪಟ್ಟಿಗಳನ್ನು ನೋಡಿದ್ದೀರಲ್ಲ? ಖಾಲಿ ಲಾರಿಯಲ್ಲಿ ಬಾಗಿರುತ್ತವೆ, ಹೇರು ತುಂಬಿದಾಗ ನೆಟ್ಟಗಾಗುತ್ತವೆ. ಸ್ಕೀಯಲ್ಲಿ ಪ್ರತಿ ಹೆಜ್ಜೆಗೂ ಹೇರು ತುಂಬುತ್ತದೆ, ಇಳಿಯುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸಪಾಟು ನೆಲದ ಮೇಲೆ ಸ್ಕೀ ಜೋಡಿಯ ಮೇಲೆ ಸಮವಾಗಿ ನಿಂತು, ಪಾದದ ಕೆಳಗೆ ಒಂದು ಹಾಳೆ ತೂರಿಸಿ ಎಳೆಯಲು ಯಾರಿಗಾದರೂ ಹೇಳಿ. ಸಲೀಸಾಗಿ ಸರಿಯಬೇಕು. ಒಂದೇ ಕಾಲಿಗೆ ಭಾರ ಹಾಕಿದಾಗ ಸಿಕ್ಕಿಬೀಳಬೇಕು. ಮಾವನ ಕೈಯಲ್ಲಿ ಅವತ್ತು ಪ್ರಜಾವಾಣಿಯ ಹಾಳೆ ಎಳೆಸಿದೆ. ಒಂದೇ ಕಾಲಿನ ಸರದಿ ಬಂದಾಗ ಹಾಳೆ ಪರ್ರನೆ ಹರಿಯಿತು. ಮಾವ ಮೂರು ಸಲ ಮಾಡಿಸಿದರು.

ಕಾಡು ಸುತ್ತುವ ಸ್ಕೀಗಳಲ್ಲಿ ಈ ಬಾಗನ್ನು ಓಟದ ಸ್ಕೀಗಳಷ್ಟು ಬಿಗಿಯಾಗಿಡುವುದಿಲ್ಲ. ಬಿಗಿಯಿದ್ದರೆ ಇಳಿಜಾರಿನಲ್ಲಿ ತಿರುಗಿಸುವುದು ಕಷ್ಟ. ಹಾಗಾಗಿ ಸಮತಟ್ಟಿನಲ್ಲಿ ಹುರುಪೆ ಸ್ವಲ್ಪ ಉಜ್ಜಿ ವೇಗ ತಿನ್ನುವುದು ನಿಜ. ನನ್ನದು ಕಾರ್ಹು ಹೆಸರಿನ ಹಳೆಯ ಎಕ್ಸ್‌ಸಿಡಿ ಜಿಟಿ. ಕಾರ್ಹು ಎಂದರೆ ಫಿನ್ನಿಶ್ ಭಾಷೆಯಲ್ಲಿ ಕರಡಿ. ಎಕ್ಸ್‌ಸಿಡಿ ಅಂದರೆ ಬಯಲಿಗೂ ಇಳಿಜಾರಿಗೂ ಆಗುವಂಥದ್ದು. ಅಂಚಿಗೆ ಉಕ್ಕಿನ ಪಟ್ಟಿ, ಮೇಲೆ ಬೂಟಿನ ಮೂತಿಯನ್ನು ಹಿಡಿಯುವ ಮೂರು ಮೊಳೆಯ ಬೈಂಡಿಂಗ್, ಚರ್ಮದ ಬೂಟು, ಹಿಮ್ಮಡಿ ಸ್ವತಂತ್ರ. ಮೊಳೆಯ ಬೈಂಡಿಂಗ್ ಬ್ರೋರ್ ವಿತ್ ಎಂಬ ನಾರ್ವೆಯವರು 1927ರಲ್ಲಿ ಮಾಡಿದ ರೊಟ್ಟೆಫೆಲ್ಲಾದ ಸಂತತಿ. ಆ ಹೆಸರಿನ ಅರ್ಥ ಇಲಿಬೋನು.

ಇಂದಿನವರು ಅಗಲವಾದ ಸ್ಕೀಗೆ ಸ್ಕಿನ್ ಎಂಬ, ಎಳೆಗಳು ಹಿಂದಕ್ಕೆ ಬಾಗಿದ ಪಟ್ಟಿ ಅಂಟಿಸಿ ಗುಡ್ಡ ಹತ್ತಿ, ತುದಿಯಲ್ಲಿ ಅದನ್ನು ಕಿತ್ತು ಇಳಿಯುತ್ತಾರೆ. ದೊಡ್ಡ ಬೆಟ್ಟಕ್ಕೆ ಅದೇ ಸರಿ. ಆದರೆ ಉದ್ದಕ್ಕೂ ಸುಮಾರು 300 ಮೈಲಿ ವರ್ಮಾಂಟನ್ನು ಸೀಳಿ ಹೋಗುವ ಕ್ಯಾಟಮೌಂಟ್ ದಾರಿಯಂಥಲ್ಲಿ ಐದು ನಿಮಿಷ ಏರು, ಎರಡು ನಿಮಿಷ ಇಳಿಕೆ, ಒಂದು ತೊರೆ, ಮತ್ತೆ ಏರು. ಪ್ರತಿ ದಿಬ್ಬಕ್ಕೂ ಕೂತು ಪಟ್ಟಿ ಕಿತ್ತು ಅಂಟಿಸುವುದು ಯಾರಿಂದಾದೀತು? ಹುರುಪೆಯ ಸ್ಕೀಯಲ್ಲಿ ನಿಲ್ಲುವ ಪ್ರಶ್ನೆಯೇ ಇಲ್ಲ. ಏರಿನಿಂದ ಇಳಿಕೆಗೆ ದೇಹ ತಾನೇ ದಾಟಿಕೊಳ್ಳುತ್ತದೆ, ಮಾತಿನ ನಡುವೆ ಉಸಿರು ತೆಗೆದುಕೊಂಡ ಹಾಗೆ. ನನಗೆ ಈ ಸ್ಕೀ ಮೇಲಿರುವ ಪ್ರೀತಿಗೆ ಮುಖ್ಯ ಕಾರಣ ಇದು.

ಹುರುಪೆಗೂ ಸೋಲುವ ಜಾಗವಿದೆ. ಗಾಜಿನಂತೆ ಹೆಪ್ಪುಗಟ್ಟಿದ ಮೇಲ್ಮೈಯೊಳಗೆ ಅದು ಇಳಿಯಲಾರದು. ಅಲ್ಲಿ ಉಕ್ಕಿನ ಅಂಚಿನ ಮೇಲೆ ಅಡ್ಡಡ್ಡ ಹತ್ತಬೇಕು. ಒದ್ದೆ ಹಿಮದಿಂದ ನೆರಳಿನ ಚಳಿಗೆ ಹೋದರೆ ಮೆಟ್ಟಿಲುಗಳೊಳಗೆ ನೀರು ಹೆಪ್ಪುಗಟ್ಟುತ್ತದೆ. ಹೊರಡುವ ಮೊದಲು ಅಲ್ಲಿಗೆ ಜಾರುಮೇಣದ (ಹಿಡಿತಕ್ಕಲ್ಲ, ಜಾರಲೆಂದೇ ಹಚ್ಚುವ ಮೇಣ) ದ್ರಾವಣ ಒರೆಸಿದರೆ ಸಾಕು. ಹೌದು, ಮೇಣ ಬೇಡದ ಸ್ಕೀಗೂ ಮೂತಿಗೆ, ಬಾಲಕ್ಕೆ ಜಾರುಮೇಣ ಬೇಕು. ಹೆಸರು ನೋಡಿ ಮೋಸಹೋಗಬೇಡಿ. ಹಳೆಯ ಜೋಡಿ ಕೊಳ್ಳುವವರು ಎರಡು ಸಂಗತಿ ನೋಡಿ. ಮೆಟ್ಟಿಲಿನ ಅಂಚಿಗೆ ಉಗುರು ತಾಗಿಸಿ. ಸಿಕ್ಕಿಕೊಳ್ಳಬೇಕು, ಸವೆದು ಉರುಟಾಗಿದ್ದರೆ ಬೇಡ. ಎರಡರ ತಳ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಾಣಬೇಕು. ಬಾಗು ಸತ್ತ ಸ್ಕೀಗೆ ಔಷಧವಿಲ್ಲ.

ಮಾವ ಹೊರಡುವ ಹಿಂದಿನ ದಿನ, ಹೊಸ ಹಿಮ ಬಿದ್ದ ಬೆಳಿಗ್ಗೆ, ಮನೆಯ ಹಿಂದಿನ ಮೇಪಲ್ ತೋಪಿನ ಏರನ್ನು ನಾನು ಹತ್ತಿದೆ. ಅವರು ಹಿಮದ ಬೂಟು ಹಾಕಿಕೊಂಡು ನನ್ನ ದಾರಿಯ ಪಕ್ಕದಲ್ಲಿ ನಡೆದು ಬಂದರು. ಅರ್ಧ ಹತ್ತಿ ಬಗ್ಗಿ ಕೂತು, ಕೈಗವಸು ತೆಗೆದು, ಅಚ್ಚನ್ನು ಬೆರಳಲ್ಲಿ ಮುಟ್ಟಿದರು. ಜಾರಿದ ಉದ್ದಕ್ಕೂ ಅಚ್ಚು ನುಣ್ಣಗೆ. ಒದ್ದ ಕಡೆ ಮಾತ್ರ ಹುರುಪೆಯ ಗುರುತು, ಒಂದೊಂದು ಹೆಜ್ಜೆಗೆ ಒಂದೊಂದು ಮೀನಿನಂತೆ, ಸಾಲಾಗಿ, ಎಲ್ಲದರ ತಲೆಯೂ ಗುಡ್ಡದ ಮೇಲಕ್ಕೆ. "ಇಲ್ಲಿ ನಿಂತಿದೀಯ" ಎಂದು ಒಂದನ್ನು ತೋರಿಸಿದರು. ಆಮೇಲೆ ಇನ್ನೊಂದನ್ನು. "ಇಲ್ಲಿ."