ಅದೇ ರೇಟಿಗೆ 8 ಜಿಬಿಯ 4ಜಿ ಫೋನೋ, 4 ಜಿಬಿಯ 5ಜಿ ಫೋನೋ?

ಪ್ರಶ್ನೆ: "ನಮ್ಮದು ಸಿಂಧನೂರು ತಾಲೂಕು ರೀ. ಫೋನಿಗೆ ಅಂತ ಹತ್ತೂವರೆ ಸಾವಿರ ತೆಗೆದಿಟ್ಟೀನಿ. ಅಂಗಡ್ಯಾಗ ಎರಡು ಮುಂದಿಟ್ರು. ಒಂದು ರೆಡ್ಮಿ 13ಸಿ, 8 ಜಿಬಿ-256 ಜಿಬಿ. ಇನ್ನೊಂದು ರೆಡ್ಮಿ 13ಸಿ 5ಜಿ, 4 ಜಿಬಿ-128 ಜಿಬಿ. ರೇಟಿನಾಗ ಐದುನೂರು ರೂಪಾಯಿ ಫರಕು, ಅಷ್ಟ. ಹೊಲದ ಕಡೆ 5ಜಿ ಹಿಡಿಯೋದಿಲ್ಲ. ಹಂಗಿದ್ದ ಮ್ಯಾಲ ದುಪ್ಪಟ್ಟು ಜಿಬಿ ಬಿಟ್ಟು ಅರ್ಧದ್ದು ಯಾಕ ತಗೋಬೇಕು?"

ಉತ್ತರ: 5ಜಿ ಎಂಬ ಮಾತನ್ನೇ ಪಕ್ಕಕ್ಕಿಟ್ಟು ನೋಡಿದರೂ ಎರಡನೆಯದೇ ಗಟ್ಟಿ ಫೋನ್. ಆದರೆ ನೀವು ಕೇಳಬೇಕಾದದ್ದು ಅದರ 4 ಜಿಬಿ ಮಾದರಿಯನ್ನಲ್ಲ, 6 ಜಿಬಿ-128 ಜಿಬಿ ಮಾದರಿಯನ್ನು. ಇದರಲ್ಲಿ ಮೊದಲ ಅಂಕಿ ರ‍್ಯಾಮ್, ಅಂದರೆ ಆ್ಯಪ್‌ಗಳು ಓಡುವಾಗ ಬಳಸುವ ಜಾಗ; ಎರಡನೆಯದು ಸ್ಟೋರೇಜ್, ಅಂದರೆ ಆ್ಯಪ್, ಫೋಟೋ, ವಿಡಿಯೋ ಉಳಿಸಿಡುವ ಜಾಗ. ಡಬ್ಬಿಯ ಮೇಲೆ ದಪ್ಪಗೆ ಬರೆದಿರುವ ಜಿಬಿಗಿಂತ, ಎಲ್ಲೂ ಬರೆಯದ ಎರಡು ಸಂಗತಿಗಳು ಫೋನಿನ ಆಯುಷ್ಯ ಹೇಳುತ್ತವೆ: ಒಳಗಿನ ಚಿಪ್ ಯಾವುದು, ಸ್ಟೋರೇಜ್ ಯಾವ ಜಾತಿಯದು.

ಎರಡೂ ಡಿಸೆಂಬರ್ 2023ರಲ್ಲಿ ಒಟ್ಟಿಗೇ ಬಂದವು. ಹೊರಗಿನಿಂದ ಅಣ್ಣ-ತಮ್ಮಂದಿರಂತೆ ಕಾಣುತ್ತವೆ. 6.74 ಇಂಚಿನ ಪರದೆ, 90 ಹರ್ಟ್ಸ್, 5000 ಎಂಎಎಚ್ ಬ್ಯಾಟರಿ, 50 ಮೆಗಾಪಿಕ್ಸೆಲ್ ಹಿಂಬದಿ ಕ್ಯಾಮೆರಾ ಎರಡಕ್ಕೂ ಇವೆ. 4ಜಿ ಫೋನಿನಲ್ಲಿರುವುದು ಹೀಲಿಯೋ ಜಿ85. ಅದು 2020ರಲ್ಲಿ ಬಂದ, 12 ನ್ಯಾನೋಮೀಟರ್ ತಂತ್ರದ ಚಿಪ್. 5ಜಿ ಫೋನಿನ ಡೈಮೆನ್ಸಿಟಿ 6100 ಪ್ಲಸ್ 2023ರದ್ದು, 6 ನ್ಯಾನೋಮೀಟರಿನದು. ನ್ಯಾನೋಮೀಟರ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಕರೆಂಟು ಕಡಿಮೆ ಬೇಕು, ಕಾವೂ ಕಡಿಮೆ. ಬೆಂಗಳೂರಿನವರಿಗೆ ಇದು ಸಣ್ಣ ಮಾತಾಗಿರಬಹುದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು-ಬಳ್ಳಾರಿ ಸೀಮೆಯಲ್ಲಿ ಅಲ್ಲ. ಇಂಥ ಫೋನುಗಳನ್ನು ಸುತ್ತಲಿನ ಗಾಳಿ 35-40 ಡಿಗ್ರಿಯ ಒಳಗಿರುತ್ತದೆ ಎಂಬ ಲೆಕ್ಕದಲ್ಲಿ ಮಾಡಿರುತ್ತಾರೆ. ಅದಕ್ಕಿಂತ ಬಿಸಿಯಾದರೆ ಫೋನು ತಾನೇ ಚಿಪ್ಪಿನ ವೇಗ ಇಳಿಸುತ್ತದೆ, ಪರದೆಯ ಬೆಳಕು ತಗ್ಗಿಸುತ್ತದೆ, ಚಾರ್ಜಿಂಗನ್ನೂ ನಿಧಾನ ಮಾಡುತ್ತದೆ. ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ಮ್ಯಾಪ್ ಹಾಕಿಕೊಂಡು ಮಾನ್ವಿ ದಾರಿಯಲ್ಲಿ ಮಧ್ಯಾಹ್ನ ಹೊರಟವರಿಗೆ ಇದರ ಅನುಭವ ಇದ್ದೇ ಇರುತ್ತದೆ.

ಸ್ಟೋರೇಜಿನ ವಿಷಯ ಇನ್ನೂ ಮುಖ್ಯ. ಅಂಗಡಿಯವರು ಇದನ್ನು ಹೇಳುವುದೇ ಇಲ್ಲ, ಬಹಳ ಮಂದಿಗೆ ಗೊತ್ತೂ ಇರುವುದಿಲ್ಲ. 4ಜಿ ಫೋನಿನ 256 ಜಿಬಿ ಇಎಂಎಂಸಿ 5.1 ಜಾತಿಯದು, 5ಜಿ ಫೋನಿನ 128 ಜಿಬಿ ಯುಎಫ್‌ಎಸ್ 2.2. ಇಎಂಎಂಸಿ ಎಂದರೆ ಒಂದೇ ಗಾಡಿ ಹಿಡಿಯುವ ಹಳೇ ಸೇತುವೆ ಇದ್ದಂತೆ: ಆ ಕಡೆಯಿಂದ ಬರುವಾಗ ಈ ಕಡೆಯವರು ನಿಲ್ಲಬೇಕು. ಮಾಹಿತಿ ಬರೆಯುತ್ತಿರುವಾಗ ಓದಲಾಗದು, ಓದುವಾಗ ಬರೆಯಲಾಗದು. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ವೇಗವೂ ಇಎಂಎಂಸಿಗಿಂತ ಸುಮಾರು ಎರಡು-ಮೂರು ಪಟ್ಟು. ಪ್ಲೇ ಸ್ಟೋರಿನಲ್ಲಿ ಆ್ಯಪ್‌ಗಳು ಅಪ್ಡೇಟ್ ಆಗುತ್ತಿರುವಾಗ ಫೋನ್‌ಪೇ ತೆರೆದರೆ ಪರದೆ ಬೆಳ್ಳಗೆ ನಿಂತುಬಿಡುತ್ತದಲ್ಲ, ಅದು ಬಹುಪಾಲು ಈ ಕಾರಣಕ್ಕೆ. ಹೊಸದರಲ್ಲಿ ಇದು ಗೊತ್ತಾಗುವುದಿಲ್ಲ. ವಾಟ್ಸಾಪ್ ವಿಡಿಯೋಗಳಿಂದ ಮುಕ್ಕಾಲು ಜಾಗ ತುಂಬಿ ಒಂದೂವರೆ ವರ್ಷವಾದ ಮೇಲೆ ಗೊತ್ತಾಗುತ್ತದೆ. ಆಗ 8 ಜಿಬಿ ರ‍್ಯಾಮ್ ಇದ್ದರೂ ಉಪಯೋಗ ಅಷ್ಟಕ್ಕಷ್ಟೇ.

ಹಾಗೆಂದು 4 ಜಿಬಿ ರ‍್ಯಾಮ್ ಸಾಕು ಎಂದು ಹೇಳುತ್ತಿಲ್ಲ. ಅದರಲ್ಲಿ ಹತ್ತಿರಹತ್ತಿರ ಅರ್ಧ ಆಂಡ್ರಾಯ್ಡಿಗೇ ಹೋಗುತ್ತದೆ. ತೊಂದರೆ ಎಲ್ಲಿ ಕಾಣುತ್ತದೆಂದರೆ, ಬ್ಯಾಂಕಿನ ಆ್ಯಪಿನಲ್ಲಿ ಹಣ ಕಳಿಸಲು ಎಲ್ಲ ತುಂಬಿ, ಒಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಆ್ಯಪ್ ಮೊದಲಿನಿಂದ ಶುರುವಾಗಿ ಮತ್ತೆ ಪಿನ್ ಕೇಳುತ್ತದೆ. ಹಿಂದಿರುವ ಆ್ಯಪನ್ನು ಫೋನೇ ಮುಚ್ಚಿ ಜಾಗ ಮಾಡಿಕೊಂಡಿರುತ್ತದೆ. 4 ಜಿಬಿಯದನ್ನೇ ಕೊಳ್ಳುವುದಾದರೆ, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ ಬ್ಯಾಂಕಿನ ಆ್ಯಪನ್ನು ಒತ್ತಿ ಹಿಡಿದು ಬೀಗದ ಗುರುತು ಹಾಕಿಡಿ. ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. 6 ಜಿಬಿಯಲ್ಲಿ ಈ ಕಿರಿಕಿರಿ ಬಹುಮಟ್ಟಿಗೆ ಇರುವುದಿಲ್ಲ. 8 ಜಿಬಿ ಇದ್ದರೆ ಒಳ್ಳೆಯದೇ, ಆದರೆ 6ರಿಂದ 8ಕ್ಕೆ ಸಿಗುವ ಲಾಭ 4ರಿಂದ 6ಕ್ಕೆ ಸಿಗುವಷ್ಟು ದೊಡ್ಡದಲ್ಲ.

ಡಬ್ಬಿಯ ಮೇಲೆ "16 ಜಿಬಿವರೆಗೆ" ಎಂದು ಬರೆದು ಪಕ್ಕಕ್ಕೊಂದು ನಕ್ಷತ್ರ ಹಾಕಿದ್ದರೆ ಮೋಸಹೋಗಬೇಡಿ. ಸ್ಟೋರೇಜಿನ ಒಂದು ಪಾಲನ್ನು ರ‍್ಯಾಮಿನಂತೆ ಬಳಸುವ ಯುಕ್ತಿ ಅದು. ಇಎಂಎಂಸಿ ಮೇಲೆ ಅದನ್ನು ನಡೆಸಿದರೆ ನಿಧಾನದ ಮೇಲೆ ನಿಧಾನ. 8 ಜಿಬಿಯ 4ಜಿ ಫೋನ್ ಈಗಾಗಲೇ ಕೊಂಡವರು ಸೆಟ್ಟಿಂಗ್ಸ್, ಅಡಿಷನಲ್ ಸೆಟ್ಟಿಂಗ್ಸ್, ಮೆಮೊರಿ ಎಕ್ಸ್‌ಟೆನ್ಷನ್ ಎಂದು ಹೋಗಿ ಅದನ್ನು ಆಫ್ ಮಾಡಿ ಒಮ್ಮೆ ರೀಸ್ಟಾರ್ಟ್ ಕೊಟ್ಟು ನೋಡಲಿ. ಅವರಿಗೆ ಅದರ ಅಗತ್ಯವಿಲ್ಲ.

256 ಜಿಬಿ ಬೇಕೇ ಬೇಕು ಎನ್ನುವವರು ಕಡಿಮೆ. 128ರಲ್ಲಿ ಸಿಸ್ಟಮ್ ಕಳೆದು ಸುಮಾರು 100 ಜಿಬಿ ಕೈಗೆ ಸಿಗುತ್ತದೆ. ವಾಟ್ಸಾಪಿನಲ್ಲಿ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿದರೆ ಪಹಣಿ, ಬೆಳೆ ಸಮೀಕ್ಷೆಯ ಆ್ಯಪ್, ಯೂಟ್ಯೂಬ್, ಮನೆಯವರ ಫೋಟೋ ಎಲ್ಲಕ್ಕೂ ಇದು ಧಾರಾಳ. ಮದುವೆ-ಜಾತ್ರೆಯ ವಿಡಿಯೋ ಹಿಡಿಯುವ ಕೆಲಸವಿದ್ದರೆ ಮಾತು ಬೇರೆ.

5ಜಿ ಫೋನು ಸೋಲುವ ಜಾಗವೂ ಇದೆ. ಅದರ ಮುಂಬದಿ ಕ್ಯಾಮೆರಾ 5 ಮೆಗಾಪಿಕ್ಸೆಲ್, 4ಜಿಯದು 8. ದಿನಾ ವಿಡಿಯೋ ಕಾಲ್ ಮಾಡುವವರಿಗೆ ಸಂಜೆ ಬೆಳಕಿನಲ್ಲಿ ಫರಕು ಕಂಡೀತು. ಇನ್ನೊಂದು, ಸಿಗ್ನಲ್ಲು. 5ಜಿ ಅರೆಬರೆ ಸಿಗುವ ಊರಿನಲ್ಲಿ ಫೋನು 4ಜಿ-5ಜಿ ನಡುವೆ ಓಡಾಡುತ್ತಲೇ ಇರುತ್ತದೆ. ಬ್ಯಾಟರಿ ಸಂಜೆಗೇ ಮುಗಿಯುತ್ತದೆ, ಬೆನ್ನು ಬಿಸಿಯಾಗುತ್ತದೆ, "ಫೋನೇ ಕೆಟ್ಟದು" ಎಂಬ ಹೆಸರು ಬರುತ್ತದೆ. ಮದ್ದು ಸುಲಭ: ಸೆಟ್ಟಿಂಗ್ಸಿನಲ್ಲಿ ಸಿಮ್ ಕಾರ್ಡ್ಸ್ ಅಂಡ್ ಮೊಬೈಲ್ ನೆಟ್‌ವರ್ಕ್ಸ್ ತೆರೆದು, ನಿಮ್ಮ ಸಿಮ್ ಮುಟ್ಟಿ, ಪ್ರಿಫರ್ಡ್ ನೆಟ್‌ವರ್ಕ್ ಟೈಪಿನಲ್ಲಿ ಎಲ್‌ಟಿಇ (ಅಂದರೆ 4ಜಿ) ಆರಿಸಿ. ಊರಲ್ಲಿ ಹಾಗೇ ಇರಲಿ, ಸಿಂಧನೂರಿಗೋ ರಾಯಚೂರಿಗೋ ಹೋದಾಗ 5ಜಿಗೆ ಬದಲಿಸಿಕೊಳ್ಳಿ.

ನಿಮ್ಮ ಹೊಲದಲ್ಲಿ 5ಜಿ ಬಂದೀತೇ ಎಂಬುದು ಸಿಮ್ ಮೇಲೂ ಹೋಗುತ್ತದೆ. ಜಿಯೋ ಬಳಿ 700 ಮೆಗಾಹರ್ಟ್ಸ್ ತರಂಗವಿದೆ, ಎನ್28 ಎಂದು ಕರೆಯುವ ಬ್ಯಾಂಡ್. ಅದು ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. 3500 ಮೆಗಾಹರ್ಟ್ಸಿನ ಎನ್78ಕ್ಕೆ ವೇಗ ಜಾಸ್ತಿ, ಹರಹು ಕಡಿಮೆ. ಏರ್‌ಟೆಲ್ ಹೆಚ್ಚಾಗಿ ನೆಚ್ಚಿರುವುದು ಇದನ್ನು. ಯಾವ ಕಂಪನಿಯ 5ಜಿ ಫೋನೇ ಇರಲಿ, ಈ ಎರಡೂ ಬ್ಯಾಂಡ್ ಇವೆಯೇ ನೋಡಿ ಕೊಳ್ಳಿ.

ಬಿಎಸ್‌ಎನ್‌ಎಲ್ ಸಿಮ್ ಇರುವವರು "ನಮಗೆ 5ಜಿ ಯಾಕೆ" ಎಂದು ಅಗ್ಗದ 4ಜಿ ಫೋನ್ ಕೊಂಡು ಸಿಕ್ಕಿಬೀಳುವುದುಂಟು. ಸೆಪ್ಟೆಂಬರ್ 2025ರಲ್ಲಿ ದೇಶಕ್ಕೆಲ್ಲ ಚಾಲನೆ ಸಿಕ್ಕ ಬಿಎಸ್‌ಎನ್‌ಎಲ್ 4ಜಿ ಕೂಡ 700 ಮೆಗಾಹರ್ಟ್ಸ್ ಬಳಸುತ್ತದೆ. 4ಜಿಯಲ್ಲಿ ಅದರ ಹೆಸರು ಬಿ28. ಅಗ್ಗದ ಕೆಲವು 4ಜಿ ಮಾದರಿಗಳಲ್ಲಿ ಈ ಬ್ಯಾಂಡೇ ಇರುವುದಿಲ್ಲ. ಪಕ್ಕದವರ ಫೋನಿನಲ್ಲಿ ಮೂರು ಕಡ್ಡಿ, ನಿಮ್ಮದರಲ್ಲಿ ಖಾಲಿ ಎಂದಾದರೆ ಟವರನ್ನು ಬೈದು ಉಪಯೋಗವಿಲ್ಲ.

ರೀಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜುಲೈ 2024ರ ದರ ಏರಿಕೆಯ ನಂತರ ಜಿಯೋ, ಏರ್‌ಟೆಲ್ ಎರಡರಲ್ಲೂ ಮಿತಿಯಿಲ್ಲದ 5ಜಿ ಸಿಗುವುದು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ಮೇಲಿನ ಪ್ಲಾನಿಗೆ ಎಂದಾಯಿತು. ಆಗಿನ ಜಿಯೋ ದರದಲ್ಲಿ 28 ದಿನಕ್ಕೆ 1.5 ಜಿಬಿಯದು ₹299, 2 ಜಿಬಿಯದು ₹349. ವರ್ಷಕ್ಕೆ 13 ರೀಚಾರ್ಜ್ ಹಿಡಿದರೆ ₹650 ಹೆಚ್ಚು. 1.5 ಜಿಬಿಯೇ ಉಳಿದು ಹೋಗುವ ಮನೆಗೆ ಈ ಖರ್ಚು ದಂಡ. 5ಜಿ ಫೋನಿದೆ ಎಂದ ಮಾತ್ರಕ್ಕೆ ಪ್ಲಾನ್ ಬದಲಿಸಬೇಕಿಲ್ಲ.

ಚಾರ್ಜರಿನದು ಒಂದು ಸಣ್ಣ ಸಂಗತಿ. ಎರಡೂ ಫೋನು 18 ವ್ಯಾಟ್ ತಡೆದುಕೊಳ್ಳುತ್ತವೆ, ಡಬ್ಬಿಯಲ್ಲಿ ಬರುವುದು 10 ವ್ಯಾಟಿನದು. ಅದರಲ್ಲಿ ತುಂಬಲು ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಹಳ್ಳಿಯಲ್ಲಿ ಮೂರು ತಾಸು ಕರೆಂಟು ಒಂದೇ ಸಮ ಇರುತ್ತದೆಯೇ ಎಂದು ಯೋಚಿಸಿ 18 ವ್ಯಾಟಿನ ಒಳ್ಳೆಯ ಚಾರ್ಜರ್ ಬೇರೆ ಕೊಳ್ಳಬಹುದು. ಬಸ್‌ಸ್ಟ್ಯಾಂಡಿನ ನೂರು ರೂಪಾಯಿಯದು ಬೇಡ. ಕಾರಟಗಿ-ಗಂಗಾವತಿ ಕಡೆ ರೈಸ್‌ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ, ಸಂಡೂರಿನ ಅದಿರು ಧೂಳಿನಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. ಕೆಲವು ತಿಂಗಳಿಗೆ ಪಿನ್ ಪೂರ್ತಿ ಒಳಗೆ ಹೋಗದೆ ಚಾರ್ಜ್ ಬಿಟ್ಟುಬಿಟ್ಟು ಆಗುತ್ತಿದ್ದರೆ ರಂಧ್ರದ ತಳದಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಫೋನ್ ಆಫ್ ಮಾಡಿ, ಹಲ್ಲುಕಡ್ಡಿಯಿಂದ ಗೋಡೆಗುಂಟ ಮೆಲ್ಲಗೆ ಕೆದಕಿ ತೆಗೆಯಿರಿ. ಸೇಫ್ಟಿ ಪಿನ್ ಹಾಕಿದರೆ ಮಧ್ಯದ ನಾಲಿಗೆ ಮುರಿದು ಬೋರ್ಡಿನ ಕೆಲಸಕ್ಕೆ ಬರುತ್ತದೆ.

ಈಗ ರೇಟಿನ ಮಾತು. ಬಿಡುಗಡೆಯಾದಾಗ ಬ್ಯಾಂಕ್ ರಿಯಾಯಿತಿ ಸೇರಿ 4ಜಿಯ 8-256 ಮಾದರಿಗೆ ₹10,499, 5ಜಿಯ 4-128ಕ್ಕೆ ₹9,999, 6-128ಕ್ಕೆ ₹11,499 ಇತ್ತು. 2023ರ ಮಾದರಿಗೆ ಇವತ್ತು ಅದೇ ಹಣ ಕೇಳಿದರೆ ಕೊಡಬೇಡಿ. ಅದು ಉಳಿದ ಸ್ಟಾಕು. ಸಾಫ್ಟ್‌ವೇರ್ ಅಪ್ಡೇಟಿನ ಗಡುವು ನೀವು ಕೊಂಡ ದಿನದಿಂದಲ್ಲ, ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಓಡುತ್ತಿರುತ್ತದೆ. ಡಬ್ಬಿಯ ಮೇಲೆ ತಯಾರಿಕೆಯ ತಿಂಗಳು ಇರುತ್ತದೆ, ಓದಿ. ಬಹಳ ದಿನ ಖಾಲಿ ಬಿದ್ದಿದ್ದರೆ ಬ್ಯಾಟರಿಗೂ ಪೆಟ್ಟು. ಇದೇ ಸಾಲಿನ 14ಸಿ 5ಜಿ ಜನವರಿ 2025ರಲ್ಲಿ ಬಂತು. ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2 ಚಿಪ್, 5160 ಎಂಎಎಚ್ ಬ್ಯಾಟರಿ, ಡಬ್ಬಿಯಲ್ಲೇ 33 ವ್ಯಾಟ್ ಚಾರ್ಜರ್. ಆಗ 6-128ರ ಬೆಲೆ ₹11,999. ಅಂಗಡಿಯಲ್ಲಿ ಅದೂ ಇದ್ದು ಸಾವಿರ-ಹದಿನೈದುನೂರರ ಅಂತರವಿದ್ದರೆ, ಒಂದು ತಿಂಗಳು ತಡೆದು ಅದನ್ನೇ ಕೊಳ್ಳುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ಕಂತಿನ ಆಸೆಗೆ ಬಿದ್ದು ಅದೇ ಫೋನಿಗೆ ಎರಡು ಸಾವಿರ ಜಾಸ್ತಿ ಕಟ್ಟಬೇಡಿ. "ಝೀರೋ ಬಡ್ಡಿ" ಎಂದರೂ ಪ್ರೊಸೆಸಿಂಗ್ ಫೀ ಎಷ್ಟು, ಇನ್ಶೂರೆನ್ಸ್ ಸೇರಿಸಿದ್ದಾರೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಅಂಗಡಿಯಲ್ಲಿ ಡೆಮೊ ಫೋನ್ ಕೈಗೆ ಸಿಕ್ಕರೆ ಮೊದಲು ಅದನ್ನು ಹಿಡಿದು ಹೊರಗೆ ಬಿಸಿಲಿಗೆ ಬನ್ನಿ. ಈ ಬೆಲೆಯ ಪರದೆಗಳು ಒಳಗೆ ಥಳಥಳ ಅನ್ನುತ್ತವೆ, ಮಧ್ಯಾಹ್ನ ಹೊಲದಲ್ಲಿ ಮಂಕು. ಬೆಳೆ ಸಮೀಕ್ಷೆಗೆ ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕಾದವರಿಗೆ ಇದು ಮುಖ್ಯ. ನಿಮ್ಮ ಹಾಟ್‌ಸ್ಪಾಟ್ ಕೊಟ್ಟು ಒಂದು ದೊಡ್ಡ ಆ್ಯಪ್ ಇಳಿಸಲು ಹಚ್ಚಿ, ಅದು ಇನ್‌ಸ್ಟಾಲ್ ಆಗುತ್ತಿರುವಾಗಲೇ ಕ್ಯಾಮೆರಾ ತೆರೆಯಿರಿ. ಎರಡೂ ಫೋನಿನಲ್ಲಿ ಇದನ್ನು ಮಾಡಿದರೆ ಇಎಂಎಂಸಿ-ಯುಎಫ್‌ಎಸ್ ಅಂತರ ಕಣ್ಣಿಗೇ ಕಾಣುತ್ತದೆ. ಹೊಲದ ಕೆಲಸದಿಂದ ಬೆರಳು ಒರಟಾಗಿದ್ದರೆ ಬೆರಳಚ್ಚು ಸರಿಯಾಗಿ ಹಿಡಿಯುವುದಿಲ್ಲ. ಒಂದೇ ಹೆಬ್ಬೆರಳನ್ನು ಎರಡು ಸಲ ಬೇರೆಬೇರೆಯಾಗಿ ಸೇರಿಸಿಡಿ.

6-128 ಸಿಗಲೇ ಇಲ್ಲ, ಬೇರೆ ಕಡೆ ಹೋಗಲೂ ಆಗದು ಎಂದಾದರೆ? ಫೋನ್‌ಪೇ, ವಾಟ್ಸಾಪ್, ಯೂಟ್ಯೂಬ್ ಇಷ್ಟೇ ಬಳಕೆ, ಮೂರು ವರ್ಷ ಬಾಳಬೇಕು ಎಂದರೆ 5ಜಿಯ 4-128 ತಗೊಳ್ಳಿ. ಮನೆಯ ಹಿರಿಯರಿಗೆ, ಕಾಲ್ ಮತ್ತು ಭಜನೆ-ವಿಡಿಯೋಗೆ ಎಂದಾದರೆ 4ಜಿಯೂ ನಡೆಯುತ್ತದೆ. ಆದರೆ ಅದಕ್ಕೆ 8-256 ಬೇಡ. ಅದರದೇ 6-128 ಮಾದರಿ ಬಂದಾಗಲೇ ರಿಯಾಯಿತಿ ಸೇರಿ ₹8,999 ಇತ್ತು, ಉಳಿದ ಹಣ ಮನೆಯಲ್ಲಿರಲಿ.

ದುಡ್ಡು ಕೊಡುವ ಮುನ್ನ *#06# ಒತ್ತಿ, ಬರುವ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಡಬ್ಬಿಗೂ ಬಿಲ್ಲಿಗೂ ಹೊಂದುತ್ತದೆಯೇ ನೋಡಿ. ಇಂಗ್ಲಿಷಿನಲ್ಲಿ ಕೆ, ವೈ, ಎಂ ಮೂರಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನ್ ಯಾವ ಕಂಪನಿಯದು, ಯಾವ ಮಾದರಿ ಎಂದು ಉತ್ತರ ಬರುತ್ತದೆ. ಜಿಎಸ್‌ಟಿ ಬಿಲ್ಲನ್ನು ನಿಮ್ಮ ಹೆಸರಿಗೇ ಮಾಡಿಸಿ. ಸರ್ವಿಸ್ ಸೆಂಟರಿಗೆಂದು ಎಂಬತ್ತು-ತೊಂಬತ್ತು ಕಿಲೋಮೀಟರ್ ದೂರದ ರಾಯಚೂರಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.