ಲೇಬಲ್ ಇಲ್ಲದ ಪ್ರೋಟೀನ್ ಅರೇ ಅಂದರೆ ಏನು?

ಒಂದು ಸ್ಲೈಡ್ ಮೇಲೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆಗಳು, ಒಂದೊಂದರಲ್ಲೂ ಬೇರೆ ಬೇರೆ ಪ್ರೋಟೀನ್. ಇದೇ ಪ್ರೋಟೀನ್ ಅರೇ. ಇದರ ಮೇಲೆ ಸೀರಮ್ಮನ್ನೋ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಔಷಧಿಯನ್ನೋ ಹರಿಸಿದರೆ, ಯಾವ ಪ್ರೋಟೀನು ಏನನ್ನು ಹಿಡಿಯುತ್ತದೆ ಅಂತ ಒಂದೇ ಸಲಕ್ಕೆ ತಿಳಿಯುತ್ತದೆ.

ಹಿಡಿದದ್ದು ಕಾಣಲಿ ಅಂತ ಸಾಮಾನ್ಯವಾಗಿ ಹೊಳೆಯುವ ಬಣ್ಣದ ಅಣು ಅಂಟಿಸುತ್ತಾರೆ. ಅದು ಲೇಬಲ್. ಇಂಥ ಬಹಳಷ್ಟು ಬಣ್ಣಗಳು ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದಾದ ಲೈಸಿನ್‌ಗಳಿಗೆ ಅಂಟುತ್ತವೆ. ಹಿಡಿಯುವ ಜಾಗದಲ್ಲೇ ಲೈಸಿನ್ ಇದ್ದರೆ ಹಿಡಿತವೇ ಕೆಡಬಹುದು, ಆಗ ನಾವು ಅಳೆಯುತ್ತಿರುವುದು ಏನನ್ನು?

ಲೇಬಲ್ ಬೇಡ ಅಂದರೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ಇದೆ, ಚಿಕ್ಕದಾಗಿ ಎಸ್‌ಪಿಆರ್. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ ಇರುತ್ತದೆ, ಗಾಜಿನ ಕಡೆಯಿಂದ ಬೆಳಕು ಒಂದು ನಿರ್ದಿಷ್ಟ ಕೋನದಲ್ಲಿ ಬಿದ್ದಾಗ ಚಿನ್ನದ ಎಲೆಕ್ಟ್ರಾನ್‌ಗಳು ಅದರ ಶಕ್ತಿಯನ್ನು ಹೀರಿಕೊಳ್ಳುತ್ತವೆ, ವಾಪಸ್ ಬರುವ ಬೆಳಕು ಮಂಕಾಗುತ್ತದೆ. ಚಿನ್ನದ ಮೇಲೆ ಏನಾದರೂ ಬಂದು ಕೂತರೆ ಆ ಕೋನ ಸ್ವಲ್ಪ ಸರಿಯುತ್ತದೆ. ಕ್ಯಾಮೆರಾ ಇಟ್ಟರೆ ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ, ಆಗಿಂದಾಗಲೇ ನೋಡಬಹುದು. ಎಷ್ಟು ಬೇಗ ಅಂಟಿತು, ಎಷ್ಟು ಬೇಗ ಬಿಟ್ಟಿತು ಅನ್ನುವುದೂ ಸಿಗುತ್ತದೆ. ನನಗೆ ಇದರ ದೊಡ್ಡ ಲಾಭ ಅನಿಸುವುದು ಇದೇ. ಸ್ವೀಡನ್ನಿನ ಸಂಶೋಧಕರು 1983ರಲ್ಲಿ ಇದನ್ನು ಜೈವಿಕ ಅಣುಗಳ ಅಳತೆಗೆ ಬಳಸಿ ತೋರಿಸಿದರು, 1990ರಲ್ಲಿ ಈ ವಿಧಾನದಿಂದ ಅಳೆಯುವ ಬಯಾಕೋರ್ ಯಂತ್ರ ಮಾರುಕಟ್ಟೆಗೆ ಬಂತು.

ಆದರೆ ನಿಜವಾದ ತೊಡಕು ಓದುವುದರಲ್ಲಿಲ್ಲ, ಚುಕ್ಕೆ ಇಡುವುದರಲ್ಲಿದೆ. ಮಾದರಿ ತೆಳುವಾಗಿದೆ, ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಪ್ರೋಟೀನ್ ಅಂತಿಟ್ಟುಕೊಳ್ಳಿ. ಸೂಜಿಯಿಂದ 1 ನ್ಯಾನೋಲೀಟರ್ ಹನಿ ಇಟ್ಟರೆ ಅದರಲ್ಲಿರುವುದು ಬರೀ 1 ಪಿಕೋಗ್ರಾಂ. 200 ಮೈಕ್ರೋಮೀಟರ್ ಅಗಲದ ಚುಕ್ಕೆ ಒಂದು ಪದರ ತುಂಬೋಕೆ ಹತ್ತಾರು ಪಿಕೋಗ್ರಾಂ ಬೇಕು. ಡಿಎನ್‌ಎ ಆಗಿದ್ದರೆ ಪಿಸಿಆರ್ ಮಾಡಿ ಜಾಸ್ತಿ ಮಾಡಿಕೊಳ್ಳಬಹುದಿತ್ತು, ಪ್ರೋಟೀನಿಗೆ ಆ ದಾರಿ ಇಲ್ಲ.

ಅದಕ್ಕೇ ಹನಿ ಇಡುವ ಬದಲು ಮಾದರಿಯನ್ನು ಹರಿಸುತ್ತಾರೆ. ಸಣ್ಣ ಕಾಲುವೆಗಳಲ್ಲಿ ಅದೇ ದ್ರವ ಅದೇ ಚುಕ್ಕೆಯ ಮೇಲೆ ಮತ್ತೆ ಮತ್ತೆ ಹೋಗಿ ಬರುತ್ತದೆ, ಪ್ರತಿ ಸಲವೂ ಸ್ವಲ್ಪ ಪ್ರೋಟೀನ್ ಅಲ್ಲಿ ಉಳಿಯುತ್ತದೆ. 100 ಮೈಕ್ರೋಲೀಟರ್ ಹರಿಸಿದರೆ ಅದರಲ್ಲಿ 1 ಲಕ್ಷ ಪಿಕೋಗ್ರಾಂ ಇರುತ್ತದೆ, ಅದರ ಸಣ್ಣ ಪಾಲು ಕೂತರೂ ಚುಕ್ಕೆ ತುಂಬುತ್ತದೆ. ಹನಿ ಒಣಗಿ ಪ್ರೋಟೀನ್ ಕೆಡುವ ಭಯವೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಎಸ್‌ಪಿಆರ್‌ಗೆ ಕೂತದ್ದು ಯಾವುದು ಅಂತ ಗೊತ್ತಾಗುವುದಿಲ್ಲ, ಸೀರಮ್ಮಿನಲ್ಲಿ ಹೇರಳವಾಗಿರುವ ಅಲ್ಬುಮಿನ್ ಪ್ರೋಟೀನ್ ಸುಮ್ನೆ ಬಂದು ಅಂಟಿದರೂ ಸಿಗ್ನಲ್ ಏರುತ್ತದೆ. ಪಕ್ಕದಲ್ಲೇ ಪ್ರೋಟೀನ್ ಇಲ್ಲದ ಒಂದು ಖಾಲಿ ಚುಕ್ಕೆ ಬಿಟ್ಟು, ಅದರ ಸಿಗ್ನಲ್ಲನ್ನು ಕಳೆದೇ ಗ್ರಾಫ್ ನೋಡಬೇಕು.